ಹಾಡು ಬರೆದ ಐಸಾಕ್ ವಾಟ್ಸ್

ಐಸಾಕ್ ವಾಟ್ಸ್ 1674ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಊರಿನಲ್ಲಿ ಹುಟ್ಟಿದರು. ಸರ್ಕಾರದ ಚರ್ಚಿಗೆ ಸೇರಲಿಲ್ಲ ಅಂತ ಇವರ ಅಪ್ಪ ಜೈಲು ಕಂಡಿದ್ದರು. ಆ ಚರ್ಚಿಗೆ ಸೇರಿದರೆ ಐಸಾಕ್ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಬಹುದಿತ್ತು. ಇವರು ಒಪ್ಪಲಿಲ್ಲ.

ಆಗ ಇಂಗ್ಲೆಂಡಿನ ಚರ್ಚುಗಳಲ್ಲಿ ಹೆಚ್ಚಾಗಿ ಬೈಬಲ್ಲಿನ ಕೀರ್ತನೆಗಳನ್ನೇ ಹಾಡುತ್ತಿದ್ದರು. ಒಬ್ಬರು ಒಂದು ಸಾಲು ಓದೋದು, ಮಿಕ್ಕವರು ಹಾಡೋದು. ನಾವು ಮಗ್ಗಿ ಹೇಳ್ತೀವಲ್ಲ, ಹಾಗೆ! ಪದಗಳು ಒರಟು, ರಾಗ ಎಳೆದಾಟ. ಇದು ಚೆನ್ನಾಗಿಲ್ಲ ಅಂತ ಐಸಾಕ್ ಗೊಣಗಿದರು. ಹಾಗಾದರೆ ನೀನೇ ಒಳ್ಳೇದು ಬರಿ ಅಂತ ಅಪ್ಪ ಹೇಳಿದರಂತೆ. ಬರೆದೇಬಿಟ್ಟರು!

1707ರಲ್ಲಿ ಅವರ ಸ್ವಂತ ಹಾಡುಗಳ ಪುಸ್ತಕ ಬಂತು. 1719ರಲ್ಲಿ ಕೀರ್ತನೆಗಳನ್ನೂ ಹೊಸದಾಗಿ ಬರೆದುಕೊಟ್ಟರು. ಮನುಷ್ಯ ಕಟ್ಟಿದ ಹಾಡನ್ನು ದೇವರ ಮುಂದೆ ಹಾಡಬಹುದೇ ಅಂತ ಬಹಳ ಕಾಲ ಜಗಳ ನಡೆಯಿತು. ಕೊನೆಗೆ ಹಾಡೇ ಗೆದ್ದಿತು.

ವಾಟ್ಸ್‌ಗೆ ಸದಾ ಕಾಯಿಲೆ. 1712ರಲ್ಲಿ ಒಂದು ವಾರಕ್ಕೆಂದು ಥಾಮಸ್ ಅಬ್ನಿ ಎಂಬುವರ ಮನೆಗೆ ಹೋದವರು 36 ವರ್ಷ ಆ ಕುಟುಂಬದ ಜೊತೆಯಲ್ಲೇ ಉಳಿದರು! ಮಲಗಿದರೂ ಬರೆಯೋದು ಬಿಡಲಿಲ್ಲ. ಮಕ್ಕಳಿಗೂ ಹಾಡು ಬರೆದರು. 1748ರಲ್ಲಿ ತೀರಿಕೊಂಡರು.

ತಪ್ಪು ತೋರಿಸೋದು ಸುಲಭ, ಸರಿಮಾಡಿ ತೋರಿಸೋದೇ ದೊಡ್ಡದು. ಅಲ್ಲವೇ?