ತೋಟಗಳ ವೈದ್ಯ ಲೆಸ್ಲಿ ಕೋಲ್ಮನ್

ಮಾನ್ವಿ, ಪೋತ್ನಾಳ, ಸಿಂಧನೂರಿನ ಕಪ್ಪು ನೆಲದ ಬಯಲಿನಲ್ಲಿ ಮಳೆಗಾಗಿ ಮುಗಿಲು ನೋಡುತ್ತ ಬೆಳೆದವರಿಗೆ, ಮಳೆಗೆ ಹೆದರುವ ರೈತರೂ ಉಂಟೆಂದರೆ ಸೋಜಿಗವೆನಿಸೀತು. ಮಲೆನಾಡಿನ ಅಡಕೆ ಬೆಳೆಗಾರರು ಅಂಥವರು. ಆಷಾಢ, ಶ್ರಾವಣಗಳಲ್ಲಿ ಹಗಲಿರುಳೆನ್ನದೆ ಮಳೆ ಹಿಡಿದಾಗ ಅವರ ಕಣ್ಣೆಲ್ಲ ಮರದ ತುದಿಯ ಕೊನೆಗಳ ಮೇಲೆಯೇ ಇರುತ್ತದೆ. ಎಳೆಯ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಒಂದು ಕಲೆ ಮೂಡುತ್ತದೆ. ಕಲೆ ಹರಡಿ, ಕಾಯಿ ಕೊಳೆತು, ಬಿಳಿಯ ಬೂಷ್ಟು ಹೊತ್ತು ನೆಲಕ್ಕೆ ಉದುರುತ್ತದೆ. ಇಂದು ಒಂದು ಮರದಲ್ಲಿ ಕಂಡದ್ದು ಕೆಲವೇ ದಿನಗಳಲ್ಲಿ ತೋಟವನ್ನೆಲ್ಲ ವ್ಯಾಪಿಸುತ್ತದೆ. ಕೆಲವೊಮ್ಮೆ ಸುಳಿಗೂ ಇಳಿದು ಮರವನ್ನೇ ಕೊಲ್ಲುತ್ತದೆ. ಇದಕ್ಕೆ ಜನರು ಕೊಟ್ಟ ಹೆಸರು ಕೊಳೆರೋಗ. ಅಡಕೆಯ ಸಸಿ ನೆಟ್ಟು ಫಲ ಕಾಣಲು ಹಲವು ವರ್ಷಗಳೇ ಬೇಕು. ಅಷ್ಟು ಕಾಲ ಸಾಕಿದ ತೋಟ ಒಂದೇ ಮಳೆಗಾಲದಲ್ಲಿ ಬರಿದಾದರೆ ಆ ಮನೆತನಕ್ಕೆ ಉಳಿಯುವುದು ಸಾಲವೊಂದೇ.

ಈ ರೋಗದ ಮೂಲವನ್ನು ಹುಡುಕಿ, ಅದಕ್ಕೆ ರೈತನ ಕೈಗೆಟುಕುವ ಮದ್ದನ್ನು ತೋರಿಸಿಕೊಟ್ಟವರು ಸಪ್ತಸಾಗರದಾಚೆಯಿಂದ ಬಂದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಅವರು 1878ರಲ್ಲಿ ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್‌ನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನವು ಅವರನ್ನು ಸಸ್ಯರೋಗ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ. ಹಿಮ ಬೀಳುವ ನಾಡಿನಲ್ಲಿ ಬೆಳೆದ ತರುಣನಿಗೆ ಅಡಕೆ, ಏಲಕ್ಕಿ, ರಾಗಿ, ಜೋಳ ಎಲ್ಲವೂ ಹೊಸತೇ. ಆದರೆ ಅವರು ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಕುಳಿತು ಆಜ್ಞೆ ಹೊರಡಿಸುವ ಜಾತಿಯವರಾಗಿರಲಿಲ್ಲ. ಮಳೆಗಾಲದಲ್ಲೇ ಮಲೆನಾಡಿಗೆ ನಡೆದರು.

ಅಲ್ಲಿ ಅವರ ಗಮನ ಸೆಳೆದದ್ದು ರೈತರದೇ ಒಂದು ಹಳೆಯ ಪದ್ಧತಿ. ಮಳೆ ಹಿಡಿಯುವ ಮುನ್ನ ಕೊನೆಗಾರರು ಮರವೇರಿ ಪ್ರತಿಯೊಂದು ಕೊನೆಗೂ ಕೊಡೆಯಂತೆ ಕೊಟ್ಟೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟಿದ ಕೊನೆಗೆ ರೋಗ ತಗಲುವುದು ಕಡಮೆ. ಶಾಸ್ತ್ರ ಓದದ ರೈತನು ಅನುಭವದಿಂದಲೇ ಅರ್ಧ ಸತ್ಯವನ್ನು ಹಿಡಿದಿದ್ದನು. ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ರೋಗವಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಏಕೆ ಎಂಬುದು ತಿಳಿದಿರಲಿಲ್ಲ. ಕೋಲ್ಮನ್ ಅವರು ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಫೈಟಾಫ್ತೊರ ಎಂಬ ಕುಲದ, ಶಿಲೀಂಧ್ರದಂಥ ಸೂಕ್ಷ್ಮಜೀವಿಯೇ ಇದರ ಕಾರಣವೆಂದು ಕಂಡುಹಿಡಿದರು. ಆಲೂಗಡ್ಡೆಯ ಅಂಗಮಾರಿ ರೋಗವನ್ನು ತರುವುದೂ ಇದರ ದಾಯಾದಿಯೇ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಳೆಹನಿ ಸಿಡಿದಂತೆ ಕಾಯಿಯಿಂದ ಕಾಯಿಗೆ ಹಾರಬಲ್ಲವು. ಈ ಸಂಶೋಧನೆಯನ್ನು ಅವರು 1910ರಲ್ಲಿ ಪ್ರಕಟಿಸಿದಾಗ ರೋಗದ ಹೆಸರನ್ನು ಬದಲಿಸಲಿಲ್ಲ. ಕೊಳೆರೋಗವೆಂಬ ಕನ್ನಡದ ಮಾತನ್ನೇ ಪುಸ್ತಿಕೆಯ ತಲೆಬರಹದಲ್ಲಿ ಉಳಿಸಿಕೊಂಡರು.

ಇನ್ನು ಮದ್ದಿನ ಮಾತು. ಮರ ಮರಕ್ಕೂ ಕೊಟ್ಟೆ ಕಟ್ಟುವುದು ಬಹಳ ದುಡಿಮೆಯ, ಖರ್ಚಿನ ಕೆಲಸ. ಅದಕ್ಕೆ ಬದಲಾಗಿ ಅಗ್ಗದ ಉಪಾಯವೊಂದು ಬೇಕಾಗಿತ್ತು. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಅದಕ್ಕೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುವ ರೂಢಿಯಿತ್ತು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜುರೋಗ ಬಾರದಿರುವುದನ್ನು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನು ಔಷಧವೆಂದು ಲೋಕಕ್ಕೆ ಸಾರಿದನು. ಕಳ್ಳರನ್ನು ಓಡಿಸಲು ಹುಟ್ಟಿದ ನೀರು ರೋಗವನ್ನು ಓಡಿಸಿತು! ಅದೇ ಬೋರ್ಡೊ ದ್ರಾವಣವನ್ನು ಕೋಲ್ಮನ್ ಅವರು ಅಡಕೆಯ ಕೊನೆಗೆ ತಂದರು. ಆದರೆ ಬೋರ್ಡೊ ಸೀಮೆಯ ಮಳೆಗೂ ಮಲೆನಾಡಿನ ಮಳೆಗೂ ಹೋಲಿಕೆಯೆಲ್ಲಿ? ಬರಿಯ ದ್ರಾವಣವು ಬಿರುಮಳೆಗೆ ತೊಳೆದುಹೋಗುತ್ತದೆ. ಕಾಯಿಗೆ ಅಂಟಿ ನಿಲ್ಲಲೆಂದು ಅದರೊಡನೆ ರಾಳ ಮತ್ತು ಸೋಡಾದ ಪಾಕವನ್ನು ಬೆರೆಸುವ ಕ್ರಮವನ್ನು ಅವರು ಬಳಕೆಗೆ ತಂದರು.

ದ್ರಾವಣ ತಯಾರಿಸುವುದು ಕಷ್ಟವಲ್ಲ, ಆದರೆ ಎಚ್ಚರ ಬೇಕು. ಇಂದಿನ ಲೆಕ್ಕದಲ್ಲಿ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಬಳಿಕ ಕೂಡಿಸಬೇಕು. ಲೋಹದ ಪಾತ್ರೆ ಸಲ್ಲದು. ಹೊಳೆಯುವ ಚೂರಿಯನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಅದನ್ನು ಹಾಗೆಯೇ ಎರಚಿದರೆ ಮರಕ್ಕೇ ಕೇಡು. ಮುಂಗಾರು ಬಲಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ರೋಗ ಬಂದ ಮೇಲೆ ಓಡಾಡುವುದಲ್ಲ, ಬಾರದ ಹಾಗೆ ತಡೆಯುವುದೇ ಇದರ ಗುಟ್ಟು.

ಕೋಲ್ಮನ್ ಅವರ ದೃಷ್ಟಿ ಮಲೆನಾಡಿಗಷ್ಟೇ ಸೀಮಿತವಾಗಿರಲಿಲ್ಲ. ದಖನ್ನಿನ ಜೋಳದ ಹೊಲಗಳನ್ನು ಬೋಳಿಸುತ್ತಿದ್ದ, ಹಾರಲು ರೆಕ್ಕೆಯಿಲ್ಲದ ಒಂದು ಬಗೆಯ ಮಿಡತೆಯನ್ನೂ ಅವರು ಅಭ್ಯಾಸ ಮಾಡಿದರು. ಸ್ಪೇನ್ ದೇಶದ ಕೀಟವಿಜ್ಞಾನಿ ಬೊಲಿವಾರ್ 1910ರಲ್ಲಿ ಆ ಮಿಡತೆಗೆ ಕೋಲ್ಮೇನಿಯ ಎಂದೇ ಹೆಸರಿಟ್ಟನು. ಹಾಗಾಗಿ ಜೋಳ ಬೆಳೆವ ಸೀಮೆಯ ಒಂದು ಹುಳುವಿನಲ್ಲೂ ಅವರ ಹೆಸರು ಉಳಿದಿದೆ. ಶ್ರೀಗಂಧದ ಎಲೆಗಳನ್ನು ಮುಳ್ಳಿನಂತೆ ಕುಗ್ಗಿಸುವ ರೋಗವು ಕಸಿಯ ಮೂಲಕ ಗಿಡದಿಂದ ಗಿಡಕ್ಕೆ ಹರಡುತ್ತದೆಂದೂ ಅವರು ಪ್ರಯೋಗದಿಂದ ತೋರಿಸಿದರು. ಗಂಧವು ಸಂಸ್ಥಾನದ ಬೊಕ್ಕಸದ ಆಧಾರ. 1914ರ ಯುದ್ಧದವರೆಗೆ ಗಂಧದ ಕೊರಡುಗಳೇ ಜರ್ಮನಿಗೆ ಹೋಗಿ, ಎಣ್ಣೆ ತೆಗೆವ ಲಾಭ ಅಲ್ಲಿಯವರದಾಗುತ್ತಿತ್ತು. 1916ರಲ್ಲಿ ಮೈಸೂರು ಸಂಸ್ಥಾನವೇ ಎಣ್ಣೆ ತೆಗೆಯತೊಡಗಿದಾಗ ಆ ಲಾಭ ನಾಡಿನಲ್ಲಿ ನಿಂತಿತು. ಆದರೆ ಕಾಡಿನಲ್ಲಿ ಮರವೇ ಒಣಗಿದರೆ ಕಾರ್ಖಾನೆ ಏನನ್ನು ಬಟ್ಟಿಯಿಳಿಸೀತು?

1913ರಲ್ಲಿ ಕೋಲ್ಮನ್ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ಕಬ್ಬು ಮತ್ತು ಸಕ್ಕರೆ ಕಾರ್ಖಾನೆ ಮೊದಲಾದವುಗಳ ಹಿಂದೆ ಅವರ ಶ್ರಮವಿದೆ. ಅವೆಲ್ಲವನ್ನೂ ಇಲ್ಲಿ ವಿವರಿಸಬೇಕಾಗಿಲ್ಲ. ಪರದೇಶದ ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಅವರ ಕಾಲದಲ್ಲಿ ಹುಟ್ಟಿದ ಬಾಳೆಹೊನ್ನೂರಿನ ಕಾಫಿ ಪ್ರಯೋಗಕೇಂದ್ರವೇ ಎಲ್ಲಕ್ಕಿಂತ ಹಿರಿದು.

ಕಾಫಿಯು ಮೊದಲಿನಿಂದಲೂ ಕಡಲು ದಾಟುವ ಬೆಳೆ. ಕೊಳ್ಳುವ ದೂರದ ವ್ಯಾಪಾರಿಗೆ ಬೆಳೆಗಾರನ ಕಷ್ಟ ಕಾಣುವುದಿಲ್ಲ. ಬೀಜದ ಗಾತ್ರ, ಬಣ್ಣ, ರುಚಿ ಇಷ್ಟೇ ಅವನಿಗೆ ಬೇಕು. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಚೆಲ್ಲುವ ತುಕ್ಕುರೋಗ ಬಂದರೆ ಎಲೆ ಉದುರುತ್ತದೆ. ಎಲೆಯಿಲ್ಲದ ಗಿಡದಲ್ಲಿ ಬೀಜ ಜೊಳ್ಳಾಗುತ್ತದೆ, ಬೆಲೆ ಬೀಳುತ್ತದೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗವು ಅಲ್ಲಿಯ ಕಾಫಿ ತೋಟಗಳನ್ನು ಅಳಿಸಿಯೇಬಿಟ್ಟಿತು. ಆ ನೆಲದಲ್ಲಿ ಈಗ ಚಹ ಬೆಳೆಯುತ್ತದೆ. ಮೈಸೂರಿನ ಕಾಫಿಗೂ ಅದೇ ಗತಿ ಬಾರದಿರಬೇಕಾದರೆ ಸ್ಥಿರವಾದ ಸಂಶೋಧನೆ ಅಗತ್ಯವಾಗಿತ್ತು. 1925ರಲ್ಲಿ ಭದ್ರಾ ನದಿಯ ಸೀಮೆಯಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಕೇಂದ್ರ ಆರಂಭವಾಯಿತು.

ಕಾಫಿ ಗಿಡದ ತಳಿಯನ್ನು ಪರೀಕ್ಷಿಸುವುದು ಒಂದೆರಡು ವರ್ಷದ ಮಾತಲ್ಲ. ಬಿತ್ತಿ, ಬೆಳೆಸಿ, ರೋಗಕ್ಕೆ ಒಡ್ಡಿ, ಫಲ ನೋಡಿ, ಅದರಲ್ಲಿ ಉತ್ತಮವಾದುದರ ಬೀಜವನ್ನು ಮತ್ತೆ ಬಿತ್ತಬೇಕು. 1934ರಲ್ಲಿ ಕೋಲ್ಮನ್ ಅವರು ನಿವೃತ್ತರಾಗಿ ನಾಡು ಬಿಟ್ಟಾಗ ಬಾಳೆಹೊನ್ನೂರಿನ ಕೆಲಸ ಇನ್ನೂ ನಡುದಾರಿಯಲ್ಲಿತ್ತು. ಅದರ ಹಿರಿಯ ಫಲವಾದ ಎಸ್. 795 ಎಂಬ ತಳಿ ಬೆಳೆಗಾರರ ಕೈಸೇರಿದ್ದು 1940ರ ದಶಕದಲ್ಲಿ. ಲೈಬೀರಿಕ ಮತ್ತು ಅರಾಬಿಕ ಜಾತಿಗಳು ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದರ ಸಂತತಿಯನ್ನು, ಕೆಂಟ್ ಎಂಬ ಬೆಳೆಗಾರನು ಗುರುತಿಸಿದ ತಳಿಯೊಡನೆ ಸಂಕರಗೊಳಿಸಿ ಪಡೆದದ್ದು ಅದು. ರೋಗವನ್ನು ಸಹಿಸುವ ಗುಣದೊಡನೆ ಒಳ್ಳೆಯ ರುಚಿಯೂ ಅದರಲ್ಲಿ ಕೂಡಿಬಂದಿತು. ಇಂಡೋನೇಷ್ಯದ ತೋಟಗಳವರೆಗೂ ಅದು ಪಯಣಿಸಿತು. ಹಾಗೆಂದು ರೋಗವೇನೂ ಸುಮ್ಮನೆ ಕೂಡಲಿಲ್ಲ; ತುಕ್ಕಿನ ಶಿಲೀಂಧ್ರವೂ ಹೊಸ ಹೊಸ ಬಗೆಗಳನ್ನು ತಾಳಿ ಎಸ್. 795ರ ಮೇಲೂ ಏರಿಬಂದಿತು. ಸಂಶೋಧಕರು ಮತ್ತೆ ಹೊಸ ತಳಿಗಳನ್ನು ಹುಡುಕಬೇಕಾಯಿತು, ಇಂದಿಗೂ ಹುಡುಕುತ್ತಿದ್ದಾರೆ. ಇಂದು ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಪರದೇಶಗಳಿಗೆ ಹೋಗುತ್ತದೆ.

ಕೆನಡಾಕ್ಕೆ ಮರಳಿದ ಮೇಲೂ ಕೋಲ್ಮನ್ ಅವರು ವಿಶ್ರಾಂತಿ ಬಯಸಲಿಲ್ಲ. ಸಸ್ಯಕೋಶಗಳ ಅಧ್ಯಯನದಲ್ಲಿ ತೊಡಗಿ ಲೇಖನಗಳನ್ನು ಪ್ರಕಟಿಸುತ್ತಲೇ ಇದ್ದರು. 1954ರಲ್ಲಿ ಅವರು ಕಾಲವಾದರು. ಅವರು ಸಾಕಿದ ಬಾಳೆಹೊನ್ನೂರಿನ ಕೇಂದ್ರವು ಮುಂದೆ ಕಾಫಿ ಮಂಡಳಿಗೆ ಸೇರಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು. ಅಡಕೆಯ ಸೀಮೆಯಲ್ಲಿ ಇಂದಿಗೂ ಮುಂಗಾರಿನ ಮೋಡ ಕವಿಯುತ್ತಿದ್ದಂತೆ ಕೊನೆಗಾರರು ನೀಲಿಯ ದ್ರಾವಣದೊಡನೆ ತೋಟಕ್ಕೆ ಇಳಿಯುತ್ತಾರೆ.