ಆಗಸ್ಟ್ ಫಾನ್ ವಾಸರ್‌ಮನ್

ಆಗಸ್ಟ್ ಪಾಲ್ ಫಾನ್ ವಾಸರ್‌ಮನ್ (21 ಫೆಬ್ರವರಿ 1866 – 16 ಮಾರ್ಚ್ 1925) ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ. ಸಿಫಿಲಿಸ್ (ಉಪದಂಶ) ರೋಗವನ್ನು ರಕ್ತಪರೀಕ್ಷೆಯಿಂದ ಗುರುತಿಸುವ ವಿಧಾನವನ್ನು 1906ರಲ್ಲಿ ರೂಪಿಸಿದ ತಂಡದ ಮುಖ್ಯಸ್ಥರು. 'ವಾಸರ್‌ಮನ್ ಪರೀಕ್ಷೆ' ಎಂದು ಹೆಸರಾದ ಈ ವಿಧಾನವು ಹಲವು ದಶಕಗಳ ಕಾಲ ಜಗತ್ತಿನಾದ್ಯಂತ ಬಳಕೆಯಲ್ಲಿತ್ತು.

ಜೀವನ

ವಾಸರ್‌ಮನ್ ಬವೇರಿಯಾದ ಬ್ಯಾಂಬರ್ಗ್ ನಗರದಲ್ಲಿ ಯಹೂದಿ ಬ್ಯಾಂಕ್ ಉದ್ಯಮಿಗಳ ಮನೆತನದಲ್ಲಿ ಜನಿಸಿದರು. ಎರ್ಲಾಂಗನ್, ವಿಯೆನ್ನಾ, ಮ್ಯೂನಿಕ್ ಮತ್ತು ಸ್ಟ್ರಾಸ್‌ಬರ್ಗ್‌ಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1888ರಲ್ಲಿ ಪದವಿ ಪಡೆದರು. ಬಳಿಕ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಸಾಂಕ್ರಾಮಿಕ ರೋಗಗಳ ಸಂಸ್ಥೆಯನ್ನು ಸೇರಿದರು. ವಿಲ್‌ಹೆಲ್ಮ್ ಕೊಲೆ ಅವರೊಡನೆ ರೋಗಕಾರಕ ಸೂಕ್ಷ್ಮಜೀವಿಗಳ ಕುರಿತು ಬೃಹತ್ ಕೈಪಿಡಿಯೊಂದನ್ನು ಸಂಪಾದಿಸಿದರು. 1913ರಲ್ಲಿ ಬರ್ಲಿನ್ ಸಮೀಪದ ಡಾಲೆಮ್‌ನ ಕೈಸರ್ ವಿಲ್‌ಹೆಲ್ಮ್ ಪ್ರಾಯೋಗಿಕ ಚಿಕಿತ್ಸಾ ಸಂಸ್ಥೆಯ ನಿರ್ದೇಶಕರಾದರು.

ವಾಸರ್‌ಮನ್ ಪರೀಕ್ಷೆ

ಸಿಫಿಲಿಸ್‌ನ ಮೊದಲ ಚಿಹ್ನೆ ಜನನಾಂಗದ ಮೇಲೆ ಮೂಡುವ ನೋವಿಲ್ಲದ ಹುಣ್ಣು. ಅದು ತಾನಾಗಿಯೇ ಮಾಯುವುದರಿಂದ ರೋಗಿಯು ಗುಣವಾಯಿತೆಂದು ನಂಬುವುದುಂಟು. ಆದರೆ ರೋಗವು ಒಳಗೇ ಉಳಿದು, ವರ್ಷಗಳ ನಂತರ ಹೃದಯವನ್ನೋ ಮಿದುಳನ್ನೋ ಬಾಧಿಸಬಹುದು. 1905ರಲ್ಲಿ ಷಾಡಿನ್ ಮತ್ತು ಹಾಫ್‌ಮನ್ ಇದರ ಸೂಕ್ಷ್ಮಜೀವಿಯನ್ನು ಕಂಡುಹಿಡಿದರೂ, ಹುಣ್ಣು ಮಾಯ್ದ ಮೇಲೆ ರೋಗಿಯಲ್ಲಿ ಅದನ್ನು ಪತ್ತೆಹಚ್ಚುವುದು ಕಷ್ಟವಾಗಿತ್ತು.

ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜಾಂಗೂ 1901ರಲ್ಲಿ ತೋರಿಸಿದ್ದ ತತ್ತ್ವವನ್ನು ವಾಸರ್‌ಮನ್, ಆಲ್ಬರ್ಟ್ ನೈಸರ್ ಮತ್ತು ಕಾರ್ಲ್ ಬ್ರುಕ್ ಅವರೊಡನೆ ಈ ರೋಗಕ್ಕೆ ಅನ್ವಯಿಸಿದರು. ರೋಗಿಯ ರಕ್ತಸಾರಕ್ಕೆ ಸಿಫಿಲಿಸ್ ತಗುಲಿದ್ದ ಭ್ರೂಣದ ಯಕೃತ್ತಿನ ಸಾರವನ್ನೂ ಗಿನಿಯಿಲಿಯ ರಕ್ತಸಾರದಲ್ಲಿರುವ 'ಕಾಂಪ್ಲಿಮೆಂಟ್' ಎಂಬ ಅಂಶವನ್ನೂ ಬೆರೆಸಲಾಗುತ್ತಿತ್ತು. ಪ್ರತಿಕಾಯಗಳಿದ್ದರೆ ಆ ಅಂಶವು ಅಲ್ಲಿಯೇ ವ್ಯಯವಾಗುವುದು. ಬಳಿಕ ಸೇರಿಸಿದ ಕುರಿಯ ಕೆಂಪು ರಕ್ತಕಣಗಳು ಒಡೆಯದೆ ಉಳಿದರೆ ಫಲಿತಾಂಶ ಧನಾತ್ಮಕ, ಒಡೆದು ದ್ರವವು ಕೆಂಪಾದರೆ ಋಣಾತ್ಮಕ.

ವಿಶ್ವಾಸಾರ್ಹತೆ

ಪರೀಕ್ಷೆಯ ತಳಹದಿಯ ಬಗೆಗಿನ ಊಹೆ ಮಾತ್ರ ಸರಿಯಾಗಿರಲಿಲ್ಲ. ಆರೋಗ್ಯವಂತ ಅಂಗಾಂಶದ ಸಾರವನ್ನು, ಎತ್ತಿನ ಹೃದಯದ ಸಾರವನ್ನು ಕೂಡ, ಬಳಸಿದರೂ ಪರೀಕ್ಷೆಯು ಕೆಲಸ ಮಾಡುವುದೆಂದು 1907ರಿಂದಲೇ ತಿಳಿದುಬಂದಿತು. ಅಂದರೆ ಅಳೆಯುತ್ತಿದ್ದುದು ರೋಗಾಣುವಿಗೇ ವಿಶಿಷ್ಟವಾದ ಪ್ರತಿಕಾಯವನ್ನಲ್ಲ. 'ಕಾರ್ಡಿಯೊಲಿಪಿನ್' ಎಂಬ ಆ ಕೊಬ್ಬಿನ ಪದಾರ್ಥವನ್ನು ಮೇರಿ ಪ್ಯಾಂಗ್‌ಬಾರ್ನ್ 1941ರಲ್ಲಿ ಬೇರ್ಪಡಿಸಿದರು. ಮಲೇರಿಯಾ, ಕುಷ್ಠ, ಲೂಪಸ್ ಮುಂತಾದ ರೋಗಗಳಿದ್ದವರಲ್ಲಿಯೂ ಪರೀಕ್ಷೆ ಧನಾತ್ಮಕವಾಗುತ್ತಿತ್ತು. ಸೋಂಕು ತಗುಲಿದ ಮೊದಲ ವಾರಗಳಲ್ಲಿ, ಹುಣ್ಣು ಕಣ್ಣೆದುರಿಗಿದ್ದಾಗಲೇ, ಋಣಾತ್ಮಕವಾಗಿ ಬರುವುದೂ ಇತ್ತು.

ಇದರ ಪರಿಣಾಮವನ್ನು ಪ್ರಯೋಗಾಲಯದ ಹೊರಗೆ ಅನುಭವಿಸಿದವರು ರೋಗಿಗಳು. ತಪ್ಪು ಫಲಿತಾಂಶ ಬಂದವರು ಪಾದರಸ ಮತ್ತು ಆರ್ಸೆನಿಕ್‌ನ ಉಗ್ರ ಚಿಕಿತ್ಸೆಗೆ ಒಳಗಾಗಬೇಕಾಗುತ್ತಿತ್ತು. ಶೀಲದ ಮೇಲೆ ಶಂಕೆ ಬೇರೆ. ಅಮೆರಿಕದ ಕನೆಕ್ಟಿಕಟ್ ರಾಜ್ಯವು 1935ರಲ್ಲಿ ವಿವಾಹಕ್ಕೆ ಮುನ್ನ ವಧೂವರರಿಬ್ಬರ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಇತರ ರಾಜ್ಯಗಳೂ ಅನುಸರಿಸಿದವು. ರೋಗಾಣುವನ್ನೇ ಬಳಸುವ ನಿರ್ದಿಷ್ಟ ಪರೀಕ್ಷೆಯನ್ನು ನೆಲ್ಸನ್ ಮತ್ತು ಮೇಯರ್ 1949ರಲ್ಲಿ ಪ್ರಕಟಿಸಿದ ಮೇಲೆ, ಸಿಫಿಲಿಸ್ ಇದೆಯೆಂದು ಹಣೆಪಟ್ಟಿ ಹೊತ್ತಿದ್ದ ಅನೇಕರಿಗೆ ಆ ರೋಗ ಇರಲೇ ಇಲ್ಲವೆಂಬುದು ದೃಢಪಟ್ಟಿತು.

ಇದೇ ಬಗೆಯ ತೊಡಕು ಇಂದು ಜನನಾಂಗದ ಹರ್ಪಿಸ್ ಪರೀಕ್ಷೆಯಲ್ಲಿದೆ. ಪ್ರತಿಕಾಯಗಳು ಮೂಡಲು ವಾರಗಳು ಬೇಕಾಗುವುದರಿಂದ ಬೇಗನೆ ಮಾಡಿಸಿದ ರಕ್ತಪರೀಕ್ಷೆ ಸೋಂಕನ್ನು ತಪ್ಪಿಸಿಕೊಳ್ಳಬಹುದು; ಧನಾತ್ಮಕ ಮಿತಿಯನ್ನು ಅಲ್ಪವಾಗಿ ಮೀರಿದ ಫಲಿತಾಂಶವು ಹಲವೊಮ್ಮೆ ಸುಳ್ಳಾಗಿರುತ್ತದೆ. ಗುಳ್ಳೆ ಹಸಿಯಾಗಿರುವಾಗಲೇ ಅದರ ದ್ರವವನ್ನು ಪಿಸಿಆರ್ ವಿಧಾನದಲ್ಲಿ ಪರೀಕ್ಷಿಸುವುದು ಹೆಚ್ಚು ನಂಬಲರ್ಹ. ಜನನಾಂಗದ ಪ್ರತಿಯೊಂದು ಗುಳ್ಳೆಯೂ ಗುಹ್ಯರೋಗದ್ದಲ್ಲ.

ಕೊನೆಯ ವರ್ಷಗಳು

ಸಂಶೋಧನೆಯ ಶ್ರೇಯಸ್ಸಿನ ಕುರಿತು 1921ರಲ್ಲಿ ಬ್ರುಕ್ ಮತ್ತು ವಾಸರ್‌ಮನ್ ನಡುವೆ ಬಹಿರಂಗ ವಿವಾದವೆದ್ದಿತು. ತತ್ತ್ವವನ್ನು ನೀಡಿದ ಬೋರ್ಡೆ ಅವರಿಗೆ 1919ರ ನೊಬೆಲ್ ಪ್ರಶಸ್ತಿ ಸಂದಿತು. ವಾಸರ್‌ಮನ್‌ಗೆ ಅದು ದೊರೆಯಲಿಲ್ಲ. ಅವರು 1925ರಲ್ಲಿ ಬರ್ಲಿನ್‌ನಲ್ಲಿ ನಿಧನರಾದರು. ಪೋಲೆಂಡಿನ ವೈದ್ಯ ಲುಡ್ವಿಕ್ ಫ್ಲೆಕ್ 1935ರ ತಮ್ಮ ಗ್ರಂಥದಲ್ಲಿ, ತಪ್ಪು ಊಹೆಯಿಂದ ಹೊರಟು ಉಪಯುಕ್ತವಾದ ಈ ಪರೀಕ್ಷೆಯ ಇತಿಹಾಸವನ್ನೇ ವಿಜ್ಞಾನದ ತತ್ತ್ವಶಾಸ್ತ್ರದ ವಿಷಯವನ್ನಾಗಿಸಿದರು.