ಮುಕ್ತ ವ್ಯಾಪಾರವನ್ನು ಒಪ್ಪದ ಸರ್ ಎಂ.ವಿ.

ಬಾದಾಮಿ ಸಮೀಪದ ಬನಶಂಕರಿ ದೇವಿಯು ದೇವಾಂಗ ನೇಕಾರರೂ ಸೇರಿದಂತೆ ಅನೇಕ ಕುಟುಂಬಗಳ ಕುಲದೈವ. ಸುತ್ತಲಿನ ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಹೆಸರಾದವು. ಬ್ರಿಟಿಷರ ಆಳ್ವಿಕೆಯಲ್ಲಿ ಈ ಸೀಮೆ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಇಲ್ಲಿನ ಮಗ್ಗಗಳಿಗೆ ಬರುವ ನೂಲಿನ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಬ್ರಿಟಿಷ್ ಸರ್ಕಾರದ ಸುಂಕ ನೀತಿ. ಅದೇ ಪ್ರಾಂತದ ಲೋಕೋಪಯೋಗಿ ಇಲಾಖೆಗೆ 1884ರಲ್ಲಿ ಎಂಜಿನಿಯರ್ ಆಗಿ ಸೇರಿದವರು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಆ ನೀತಿಯನ್ನು ಜೀವಮಾನವಿಡೀ ವಿರೋಧಿಸಿದ ಕನ್ನಡಿಗರಲ್ಲಿ ಅವರು ಪ್ರಮುಖರು.

ಅವರು ಸೇವೆಗೆ ಸೇರುವ ಎರಡು ವರ್ಷ ಮೊದಲು, 1882ರಲ್ಲಿ, ಹತ್ತಿ ಬಟ್ಟೆಯ ಮೇಲಿನ ಆಮದು ಸುಂಕ ರದ್ದಾಗಿತ್ತು. ಬೊಕ್ಕಸ ತುಂಬಲು 1894ರಲ್ಲಿ ಸುಂಕ ಮರಳಿತಾದರೂ ಲ್ಯಾಂಕಾಶೈರ್‌ನ ಗಿರಣಿ ಮಾಲೀಕರು ಸುಮ್ಮನಿರಲಿಲ್ಲ. 1896ರಲ್ಲಿ ವಿದೇಶಿ ಬಟ್ಟೆಗೆ ಶೇ. 3.5 ಆಮದು ಸುಂಕ ನಿಗದಿಯಾದಾಗ, ಭಾರತದ ಗಿರಣಿ ಬಟ್ಟೆಯ ಮೇಲೂ ಅಷ್ಟೇ ಪ್ರಮಾಣದ ಅಬಕಾರಿ ಸುಂಕ ಬಿತ್ತು. ಸ್ವದೇಶಿ ಗಿರಣಿಗೆ ಕಿಂಚಿತ್ತೂ ಅನುಕೂಲವಾಗಬಾರದೆಂಬುದೇ ಇದರ ಉದ್ದೇಶ. ಮುಕ್ತ ವ್ಯಾಪಾರವೆಂಬ ಹೆಸರಿನಲ್ಲಿ ನಡೆದ ಈ ಏರ್ಪಾಡು ಕೊನೆಗೊಳ್ಳಲು 1925ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದರು. ಪಾಶ್ಚಾತ್ಯರೊಡನೆ ಮಾಡಿಕೊಂಡಿದ್ದ ಒಪ್ಪಂದಗಳಿಂದಾಗಿ ಜಪಾನಿಗೂ ಆಗ ತನ್ನ ಸುಂಕವನ್ನು ತಾನೇ ಗೊತ್ತುಪಡಿಸುವ ಸ್ವಾತಂತ್ರ್ಯವಿರಲಿಲ್ಲ. ಅದು ಪೂರ್ಣವಾಗಿ ದೊರೆತದ್ದು 1911ರಲ್ಲಿ. ಆದರೂ ಅಲ್ಲಿನ ಸರ್ಕಾರ ಶಿಕ್ಷಣ, ಬಂಡವಾಳ, ತಂತ್ರಜ್ಞಾನಗಳ ಮೂಲಕ ಕೈಗಾರಿಕೆಗಳನ್ನು ಬೆಳೆಸುತ್ತಿತ್ತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಹಿಡಿದದ್ದೂ ಇದೇ ದಾರಿ. ಸಂಸ್ಥಾನಕ್ಕೆ ಕಡಲ ಬಂದರಿನ ಸುಂಕದ ಮೇಲೆ ಅಧಿಕಾರವಿರಲಿಲ್ಲ. ಬ್ಯಾಂಕು, ವಿಶ್ವವಿದ್ಯಾಲಯ, ಕಾರ್ಖಾನೆಗಳನ್ನು ಕಟ್ಟಲು ಯಾರೂ ಅಡ್ಡಿಪಡಿಸುವಂತಿರಲಿಲ್ಲ. 1914ರ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರದ ವ್ಯಾಪಾರ ನಿಂತಾಗ, 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮರ ಮಾರಿ ಎಣ್ಣೆ ಕೊಳ್ಳುವ ದಡ್ಡತನಕ್ಕೆ ಯುದ್ಧವೇ ಮದ್ದು ಮಾಡಿತೆನ್ನಬಹುದು.

ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಕಥೆ ಅಷ್ಟು ಸರಳವಲ್ಲ. 1923ರಲ್ಲಿ ಉತ್ಪಾದನೆ ಪ್ರಾರಂಭವಾಗುವ ಹೊತ್ತಿಗೆ ಯುದ್ಧಕಾಲದ ಬೆಲೆಗಳು ಕುಸಿದಿದ್ದವು. ಇದ್ದಿಲಿನಿಂದ ಕರಗಿಸಿದ ಮೈಸೂರಿನ ಕಬ್ಬಿಣಕ್ಕೆ ಖರ್ಚು ಹೆಚ್ಚು, ಮಾರುಕಟ್ಟೆ ಕಡಿಮೆ. ಇದು ಸಂಸ್ಥಾನಕ್ಕೆ ಬಿಳಿಯಾನೆಯೆಂಬ ಟೀಕೆ ಎದ್ದಿತು. ಪ್ರಜೆಗಳ ತೆರಿಗೆಯ ಹಣವನ್ನು ನಷ್ಟದ ಉದ್ದಿಮೆಗೆ ಸುರಿಯುವುದು ಸರಿಯೇ ಎಂಬ ಪ್ರಶ್ನೆಯನ್ನು ಅಲ್ಲಗಳೆಯುವಂತಿರಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ವೆಚ್ಚ ಕಡಿತಗೊಳಿಸಿ ಅದನ್ನು ಉಳಿಸಿದರು. ಉಕ್ಕಿನ ಉತ್ಪಾದನೆ ಸಾಧ್ಯವಾದದ್ದು 1936ರಲ್ಲಿ.

1920ರ 'ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ', 1934ರ 'ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ' ಗ್ರಂಥಗಳಲ್ಲಿ ಅವರು ಕೈಗಾರಿಕೆಯ ಪರ ವಾದವನ್ನು ವಿಸ್ತರಿಸಿದರು. ಭಾರತಕ್ಕೆ ತನ್ನ ಸುಂಕವನ್ನು ತಾನೇ ನಿರ್ಧರಿಸುವ ಹಕ್ಕು ಬೇಕು, ಎಳೆಯ ಉದ್ಯಮಕ್ಕೆ ಆಸರೆ ಬೇಕು ಎಂಬುದು ಅವರ ನಿಲುವು. ಯಂತ್ರೋದ್ಯಮದ ವಿಷಯದಲ್ಲಿ ಗಾಂಧೀಜಿಯವರೊಡನೆ ಅವರಿಗೆ ಭಿನ್ನಾಭಿಪ್ರಾಯವಿತ್ತು. 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ರೂಪಿಸಿದ ಮೋಟಾರು ಕಾರ್ಖಾನೆಯ ಯೋಜನೆಗೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಬೆಂಗಳೂರಿಗೆ ದಕ್ಕಲಿಲ್ಲ. 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿದಾಗ ಅವರ ವಯಸ್ಸು ಎಂಬತ್ತರ ಆಸುಪಾಸು.

ಆದರೆ ಸುಂಕ ಎಲ್ಲರಿಗೂ ಒಂದೇ ಬಗೆಯ ಆಸರೆಯಲ್ಲ ಎಂಬುದನ್ನು ಬನಶಂಕರಿ ಸೀಮೆಯ ಮಗ್ಗಗಳೇ ಹೇಳುತ್ತವೆ. 1896ರ ಕಾಯಿದೆಯಲ್ಲಿ ವಿದೇಶಿ ನೂಲಿಗೆ ಸುಂಕವಿರಲಿಲ್ಲ. 1922ರಲ್ಲಿ ಅದರ ಮೇಲೆ ಶೇ. 5 ಸುಂಕ ಬಿದ್ದಾಗ ನೂಲುವ ಗಿರಣಿಗೆ ಅನುಕೂಲ, ನೂಲು ಕೊಳ್ಳುವ ಕೈಮಗ್ಗದವನಿಗೆ ಹೊರೆ. ರೇಷ್ಮೆಯದ್ದೂ ಅದೇ ಪಾಡು. ಅಗ್ಗದ ವಿದೇಶಿ ರೇಷ್ಮೆಯ ಹೊಡೆತಕ್ಕೆ ಮೈಸೂರಿನ ಬೆಳೆಗಾರ ತತ್ತರಿಸಿದಾಗ 1934ರಲ್ಲಿ ರಕ್ಷಣಾ ಸುಂಕ ಜಾರಿಯಾಯಿತು. ಸೆರಗಿಗೂ ಅಂಚಿಗೂ ರೇಷ್ಮೆ ಕೊಳ್ಳಬೇಕಾದ ನೇಕಾರನಿಗೆ ಬೆಲೆ ಏರುವುದೆಂದರೆ ಸಂಕಟವೇ. ವಿಶ್ವೇಶ್ವರಯ್ಯನವರ ಚಿಂತನೆಯ ಕೇಂದ್ರದಲ್ಲಿ ಕಾರ್ಖಾನೆಯಿತ್ತು. ಈ ನೇಕಾರನಿಗೆ ಅಲ್ಲಿ ಸಿಕ್ಕ ಸ್ಥಾನ ಕಿರಿದು.

1955ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ಅವರು 1962ರಲ್ಲಿ ನಿಧನರಾದರು. ಅವರು ಎತ್ತಿದ್ದ ವಿವಾದ ಮಾತ್ರ ಮುಂದುವರಿಯಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ರಾಜ್ಯದ ರೇಷ್ಮೆ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದು ಶೇ. 15ಕ್ಕೆ ಏರಿತು.